ಹಳೆಯ ಮೋಟಾರ್ ಸೈಕಲ್ಲು ನಡುದಾರಿಯಲ್ಲಿ ನಿಂತರೆ

ಕಳೆದ ಮಳೆಗಾಲದ ಒಂದು ಮುಂಜಾನೆ. ನಮ್ಮ ಜತ್ತ ತಾಲೂಕಿನ ಹೊಲದಾರಿಯ ಏರಿನಲ್ಲಿ ನೆರೆಯ ರೈತರೊಬ್ಬರು ಎರಡು ಹಾಲಿನ ಕ್ಯಾನು ಕಟ್ಟಿಕೊಂಡು, ನಿಂತ ಗಾಡಿಗೆ ಕಿಕ್ ಹೊಡೆಯುತ್ತ ಬೆವರುತ್ತಿದ್ದರು. ಹಾಲಿನ ಕೇಂದ್ರ ಮುಚ್ಚಲು ಅರ್ಧ ತಾಸು ಮಾತ್ರ ಉಳಿದಿತ್ತು. ಹಿಂದಿನ ವಾರ ಹೀಗೆಯೇ ತಡವಾಗಿ ಅವರ ಒಂದು ಹೊತ್ತಿನ ಹಾಲೆಲ್ಲ ಮನೆಗೆ ಮರಳಿತ್ತು.

“ಕಾರ್ಬುರೇಟರ್ ಎರಡು ಸಲ ಬಿಚ್ಚಿಸೇನ್ರಿ ಗುರುಗಳ, ಪ್ಲಗ್ಗೂ ಹೊಸಾದು ಹಾಕ್ಸೇನ್ರಿ. ಎರಡು ಮೈಲು ಬಂತಂದ್ರ ನಿಂತ ಬಿಡ್ತದ. ತುಸು ಹೊತ್ತು ಬಿಟ್ರ ಮತ್ತ ಚಾಲೂ ಆಗ್ತದ” ಎಂದರು.

ಉತ್ತರವು ಈ ಕೊನೆಯ ಮಾತಿನಲ್ಲಿಯೇ ಇತ್ತು. ಮಳೆನೀರು ಇಳಿಯಬಾರದೆಂದು ಅವರು ಟಾಕಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಚೀಲ ಬಿಗಿದಿದ್ದರು. ಅದನ್ನು ಬಿಚ್ಚಿ ಮುಚ್ಚಳ ತೆಗೆದ ಕೂಡಲೆ ‘ಸುಸ್’ ಎಂದು ಗಾಳಿ ಒಳಗೆ ಹೋಯಿತು. ಮೂರನೆಯ ಕಿಕ್ಕಿಗೆ ಗಾಡಿ ಎದ್ದಿತು. ಪೆಟ್ರೋಲು ಕೆಳಗೆ ಇಳಿದಷ್ಟು ಗಾಳಿಯು ಮೇಲಿನಿಂದ ಟಾಕಿಯೊಳಗೆ ಹೋಗಲೇಬೇಕು. ತುಂಬಿದ ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹಾಕಿ ಬಗ್ಗಿಸಿ ನೋಡಿರಿ, ಎಣ್ಣೆ ಬಿಕ್ಕಿ ಬಿಕ್ಕಿ ನಿಂತುಬಿಡುವದು. ಮುಚ್ಚಳದಲ್ಲಿರುವ ಸಣ್ಣ ಗಾಳಿದಾರಿಯು ಕೆಸರಿನಿಂದ ಮುಚ್ಚಿದರೂ ಇದೇ ಗತಿ. ಮುಚ್ಚಳ ತೆರೆದರೂ ಗುಣವಾಗದಿದ್ದರೆ ಪೆಟ್ರೋಲಿನ ಕಾಕಿನ ಜಾಳಿಗೆಯಲ್ಲಿ ಟಾಕಿಯ ತುಕ್ಕು ಕೂತಿದೆಯೇ ನೋಡಬೇಕು.

ಎಂಜಿನ್ನಿಗೆ ಬೇಕಾದದ್ದು ಪೆಟ್ರೋಲು, ಗಾಳಿ, ಕಿಡಿ. ಯಾವುದು ತಪ್ಪಿದೆ ಎಂಬುದನ್ನು ಗಾಡಿ ನಿಲ್ಲುವ ಹೊತ್ತೇ ತೋರಿಸುವದು. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗ ಎಲ್ಲ ಅಂಕಿಗಳನ್ನೂ ಒಮ್ಮೆಲೆ ಅಳಿಸಿದರೆ ತಪ್ಪು ಸಿಗುವದಿಲ್ಲ. ಗಾಡಿಯ ಸ್ಕ್ರೂಗಳನ್ನು ಕಂಡ ಕಂಡಂತೆ ತಿರುವುವವರದೂ ಅದೇ ಪಾಡು. ಒಂದು ಹೊತ್ತಿಗೆ ಒಂದನ್ನೇ ಬದಲಿಸಿ ನೋಡಿರಿ.

ಓಡುವಾಗ ಸರಿಯಿದ್ದು, ಎಕ್ಸಲೇಟರ್ ಬಿಟ್ಟ ಕೂಡಲೆ ಆರಿಹೋದರೆ ಕಾರ್ಬುರೇಟರಿನ ಪೈಲಟ್ ಜೆಟ್ಟಿನ ಮೇಲೆ ಸಂಶಯ ಪಡಬೇಕು. ಅದರ ತೂತು ಕೂದಲೆಳೆಯಷ್ಟು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಆರಿ, ಅಂಟಾಗಿ ಅದನ್ನು ಮುಚ್ಚುವದು. ಕಬ್ಬಿಣದ ತಂತಿ ಹಾಕಿ ಚುಚ್ಚಬೇಡಿರಿ, ತೂತು ಹಿಗ್ಗಿದರೆ ಜೆಟ್ಟು ಕೆಟ್ಟಿತೆಂದೇ ತಿಳಿಯಿರಿ. ಸೈಕಲ್ ಪಂಪಿನ ಗಾಳಿ ಸಾಕು. ಕಾರ್ಬುರೇಟರನ್ನು ಎಂಜಿನ್ನಿಗೆ ಕೂಡಿಸುವ ಜಾಗದಲ್ಲಿ ಬಿರುಕಿದ್ದರೂ ಕಳ್ಳಗಾಳಿ ಹೊಕ್ಕು ಹೀಗೆಯೇ ಆಗುವದು.

ಮಳೆಗಾಲದಲ್ಲಿ ನೀರಿನ ಕಾಟ ಬೇರೆ. ಕಾಕು ಮುಚ್ಚಿ, ಕಾರ್ಬುರೇಟರಿನ ತಳದ ಬಟ್ಟಲಿನ ಸ್ಕ್ರೂ ಸಡಿಲಿಸಿ, ಇಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುವದು. ಈಗಿನ ಪೆಟ್ರೋಲಿನಲ್ಲಿ ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥೆನಾಲು ಬೆರೆತಿರುವದು. 2023ರಿಂದ 20 ಪ್ರತಿಶತದ ಬೆರಕೆಯೂ ಬಂಕುಗಳಿಗೆ ಬರಹತ್ತಿತು. ಎಥೆನಾಲು ನೀರನ್ನು ಹೀರುವದು. ನೀರು ಮಿತಿ ಮೀರಿದರೆ ಎರಡೂ ಕೂಡಿ ತಳಕ್ಕಿಳಿಯುವವು. ಆಗ ಕಾರ್ಬುರೇಟರಿಗೆ ಮೊದಲು ಹೋಗುವದು ಆ ತಳದ ನೀರೇ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಂಥ ಗಾಡಿಗಳನ್ನು ಇಂಥ ಬೆರಕೆಗೆಂದು ಮಾಡಿದ್ದಲ್ಲ. ಆದ್ದರಿಂದ ಅವುಗಳ ರಬ್ಬರ್ ನಳಿಗೆ ಉಬ್ಬಿದೆಯೇ, ಬಿರಿದಿದೆಯೇ ಎಂದು ಲಕ್ಷ್ಯವಿಡಬೇಕು. ಬಹಳ ದಿನ ಗಾಡಿ ಹೊಡೆಯುವದಿಲ್ಲವಾದರೆ ಬಟ್ಟಲನ್ನು ಬರಿದು ಮಾಡಿಡುವದು ಒಳ್ಳೆಯದು. ಈ ಕೆಲಸವೆಲ್ಲ ಬಯಲಿನಲ್ಲಿ, ಎಂಜಿನ್ನು ತಣ್ಣಗಿರುವಾಗ ಆಗಲಿ. ಬಾಯಲ್ಲಿ ಬೀಡಿ ಇರಕೂಡದು.

ಪ್ಲಗ್ಗನ್ನು ಬಿಚ್ಚಿದಾಗ ಅದರ ಬಣ್ಣ ನೋಡಿರಿ. ತುದಿಯು ತಿಳಿಕಂದಾಗಿದ್ದರೆ ಕ್ಷೇಮ. ಒಣ ಕಾಡಿಗೆಯಂತಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ: ಚೋಕು ಅರ್ಧ ಸಿಕ್ಕಿಬಿದ್ದಿರುವದು, ಇಲ್ಲವೆ ಏರ್ ಫಿಲ್ಟರಿನಲ್ಲಿ ನಮ್ಮ ದಾರಿಗಳ ಧೂಳು ತುಂಬಿರುವದು. ಎಣ್ಣೆಯಿಂದ ಜಿಡ್ಡಾಗಿದ್ದರೆ ಪಿಸ್ಟನ್ನಿನ ರಿಂಗು ಸವೆದಿರಬಹುದು, ಅದು ಮನೆಯ ಕೆಲಸವಲ್ಲ. ಸಿಡಿ 100ಕ್ಕೆ ಪ್ಲಗ್ಗಿನ ತುದಿಗಳ ನಡುವಿನ ಸಂದು 0.6ರಿಂದ 0.7 ಮಿಲಿಮೀಟರ್ ಇರಬೇಕು.

ಗಾಡಿ ಕಾಯ್ದ ಮೇಲೆಯೇ ನಿಂತು, ತಣ್ಣಗಾದ ಮೇಲೆ ಏಳುತ್ತಿದ್ದು, ಮುಚ್ಚಳ ತೆರೆದರೂ ಫರಕಾಗದಿದ್ದರೆ ನಿಂತ ಕೂಡಲೆ ಕಿಡಿ ಇದೆಯೇ ಎಂದು ನೋಡಿಸಬೇಕು. ಕಿಡಿ ಇಲ್ಲದಿದ್ದರೆ ಕಾಯಿಲ್ ಸೋತಿರಬಹುದು. ಕಿಡಿ ಇದ್ದರೆ ಟ್ಯಾಪೆಟ್ಟು ಬಿಗಿಯಾಗಿರುವ ಸಂಭವ ಉಂಟು. ಗ್ಯಾರೇಜಿನವನಿಗೆ ಮರಾಠಿಯಲ್ಲಿ ಹೇಳಿರಿ, ಕನ್ನಡದಲ್ಲಿ ಹೇಳಿರಿ, “ಗಾಡಿ ಕೆಟ್ಟದ” ಎಂದಷ್ಟೇ ಹೇಳದೆ ಯಾವಾಗ ನಿಲ್ಲುವದು, ಎಷ್ಟು ಹೊತ್ತಿಗೆ ಏಳುವದು ಎಂಬುದನ್ನು ಹೇಳಿರಿ. ಟ್ಯಾಪೆಟ್ಟನ್ನು ಎಂಜಿನ್ನು ಪೂರ್ತಿ ತಣ್ಣಗಿರುವಾಗಲೇ ಸರಿಪಡಿಸಬೇಕು. ಆದ್ದರಿಂದ ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬಂದು, ಮರುದಿನದ ಹಾಲಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿರಿ.