ಎಂಟು ದಿನದ ತವರು

ರಜೆಯಲ್ಲಿ ಊರು ಬಿಟ್ಟು ಊರಿಗೆ ಹೋಗಿ, ಅಲ್ಲಿ ಹಣ ಕೊಟ್ಟು ಮನೆ ಹಿಡಿದು, ಎಂಟು ದಿನ ಒಲೆ ಹೂಡಿ ಬರುವುದು ನಮ್ಮ ಹಿರಿಯರಿಗೆ ತಿಳಿದ ಪದ್ಧತಿಯಲ್ಲ. ಅವರು ಹೋಗುತ್ತಿದ್ದುದು ನೆಂಟರ ಮನೆಗೆ, ಇಲ್ಲವೇ ಕ್ಷೇತ್ರಕ್ಕೆ. ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು 1883ರ ಸುಮಾರಿಗೆ ಕಾರವಾರದ ಕಡಲಂಚಿನಲ್ಲಿ ತಂಗಿ 'ಪ್ರಕೃತಿರ್ ಪ್ರತಿಶೋಧ'ವೆಂಬ ನಾಟಕವನ್ನು ಬರೆದರಷ್ಟೆ. ಅವರು ಇಳಿದುಕೊಂಡಿದ್ದುದೂ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿಯೇ. ಅಣ್ಣನ ಮನೆಯಿಲ್ಲದವರಿಗೆ ಮಾತ್ರ ಬಾಡಿಗೆ ಮನೆಯ ಯೋಚನೆ.

ಈ ವರ್ಷ ಆ ಯೋಚನೆ ನನ್ನ ಪಾಲಿಗೆ ಬಂದಿತು. ಚಿಕ್ಕಮಗಳೂರಿನಲ್ಲಿರುವ ನನಗೆ ಈ ವ್ಯವಹಾರದ ಇನ್ನೊಂದು ಮಗ್ಗುಲು ಚೆನ್ನಾಗಿ ಗೊತ್ತು. ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಈಗ ಹೋಂಸ್ಟೇ ಇಲ್ಲದ ದಾರಿಯೇ ಅಪರೂಪ. ಶನಿವಾರ ಬಂದು ಭಾನುವಾರ ಹೋಗುವ ಅತಿಥಿಗಳು ಹಳ್ಳದಲ್ಲಿ ಬಿಟ್ಟುಹೋದ ಸೀಸೆಗಳನ್ನು ಸೋಮವಾರ ಆಯುವ ಗೆಳೆಯರು ನನಗಿದ್ದಾರೆ. ಆದುದರಿಂದ ನಾನು ಅತಿಥಿಯಾಗಿ ಹೊರಡುವಾಗ ಒಂದು ನಿಶ್ಚಯ ಮಾಡಿದೆ: ಆ ಗೆಳೆಯರು ಎಂಥ ಅತಿಥಿ ಬರಲೆಂದು ಹಾರೈಸುತ್ತಾರೋ ಅಂಥವನಾಗಿ ಹೋಗಬೇಕು.

ಹೊರಟದ್ದು ನನ್ನ ಇಚ್ಛೆಯಿಂದಲ್ಲ, ತಾಯಿಯ ಇಚ್ಛೆಯಿಂದ. ಆಕೆ ಕುಂದಾಪುರದ ಸೀಮೆಯವಳು. 1971ರಲ್ಲಿ ಮದುವೆಯಾಗಿ ಘಟ್ಟ ಹತ್ತಿ ಕಳಸಕ್ಕೆ ಬಂದವಳು. ಹಿಂದಿನಿಂದಲೂ ಕರಾವಳಿಗೂ ಮಲೆನಾಡಿಗೂ ಕೊಡು ಕೊಳ್ಳುವ ಸಂಬಂಧ ಉಂಟು. ನಮ್ಮ ಕಾಫಿ ಘಟ್ಟವಿಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಹಸನಾಗಿ ಹಡಗೇರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಫಲವಾಗಿ ಕೆಳಗಿನ ಜೇಡಿಮಣ್ಣು ಮೇಲೆ ಬಂದು ನಮ್ಮ ಮಾಡುಗಳಾಯಿತು. ಹಂಚಿನಂತೆ ಹೆಣ್ಣುಮಕ್ಕಳೂ ಬಂದರು. ಬಂದ ಮೇಲೆ ಇಬ್ಬರದೂ ಮಳೆಗೆ ಮೈಯೊಡ್ಡುವ ಕೆಲಸವೇ.

ನಾನು ಮೊದಲು ಹಾಕಿದ ಯೋಜನೆ ಸರ್ವಸಮ್ಮತವಾದದ್ದು. ಜನವರಿಯಲ್ಲಿ ಹೋಗುವುದು, ಆಗ ಬಿಸಿಲು ಹಿತ, ಕಡಲು ಶಾಂತ, ಘಟ್ಟದ ದಾರಿ ನಿರ್ಭಯ. ಮಗಳು ಮೊಬೈಲಿನಲ್ಲಿ ಹತ್ತಾರು ಮನೆಗಳ ಚಿತ್ರಗಳನ್ನು ತೆರೆದು ತೋರಿಸಿದಳು. ಎಲ್ಲ ಚಿತ್ರಗಳಲ್ಲಿಯೂ ಸಮುದ್ರವಿತ್ತು, ಒಂದರಲ್ಲಿಯೂ ಮೆಟ್ಟಿಲುಗಳಿರಲಿಲ್ಲ. ಮಂಡಿನೋವಿನ ಮುದುಕಿಗೆ ಸಮುದ್ರಕ್ಕಿಂತ ಮೊದಲು ಬೇಕಾದದ್ದು ಮೆಟ್ಟಿಲಿನ ಲೆಕ್ಕ, ಬಚ್ಚಲಿನ ದೂರ. ಅದನ್ನು ಚಿತ್ರ ಹೇಳುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಇಷ್ಟನ್ನೂ ಕೇಳಿ ಮುಗಿಸಿ, "ಜನವರಿ ಆಗಬಹುದೇ ಅಮ್ಮ?" ಎಂದೆ.

"ಆಸಾಡಿಯಲ್ಲಿ ಹೋಗೋಣ ಮಗ" ಎಂದಳು.

ಕರಾವಳಿಯವರ ಆಸಾಡಿ ಎಂದರೆ ಆಷಾಢ. ನಾನು ಅಧ್ಯಾಪಕನ ಅಭ್ಯಾಸಬಲದಿಂದ ಆಕ್ಷೇಪಗಳನ್ನು ಅನುಕ್ರಮವಾಗಿ ಒಡ್ಡಿದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಟ್ಟ ಕುಸಿದು ಸಂಚಾರ ನಿಂತಿತ್ತು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಜಾರಿ ಜನ ಸತ್ತರು. ಆ ತಿಂಗಳುಗಳಲ್ಲಿ ಕಡಲಿಗೆ ಬೆಸ್ತರೇ ಅಂಜುತ್ತಾರೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಸರಕಾರದ ನಿಷೇಧವೇ ಇದೆ. ಮೀನು ಮರಿಮಾಡುವ ಕಾಲವದು. ಕಡಲಿಗೂ ಒಂದು ವಿರಾಮ.

ಆಕೆ ತಾಳ್ಮೆಯಿಂದ ಕೇಳಿದಳು. ಬಳಿಕ, ನಾನು ನಲವತ್ತು ವರ್ಷಗಳಿಂದ ಕೇಳದಿದ್ದ ಒಂದು ಸಂಗತಿಯನ್ನು ಹೇಳಿದಳು. ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ಆಷಾಢವನ್ನು ತವರಿನಲ್ಲಿ ಕಳೆಯುವುದು ನಮ್ಮ ನಾಡಿನ ರೂಢಿ. ಆ ವರ್ಷ ಅವಳ ಅಣ್ಣ ಆಗುಂಬೆ ಘಟ್ಟ ಹತ್ತಿ, ಶೃಂಗೇರಿಯಲ್ಲಿ ಬಸ್ಸು ಬದಲಿಸಿ, ನೆನೆದು ತೊಪ್ಪೆಯಾಗಿ ಕಳಸಕ್ಕೆ ಬಂದ. ಮನೆಯಲ್ಲಿ ನೆಟ್ಟಿಯ ಕಾಲ, ಆಳುಗಳಿಗೆ ಅಡುಗೆಯಾಗಬೇಕು, ಅತ್ತೆ ಹಾಸಿಗೆ ಹಿಡಿದಿದ್ದರು. "ಮುಂದಿನ ವರ್ಷ ಕಳಿಸುತ್ತೇವೆ" ಎಂದರು. ಅಣ್ಣ ಒಂದು ರಾತ್ರಿ ಇದ್ದು ಒಬ್ಬನೇ ಹಿಂದಿರುಗಿದ. ಮುಂದಿನ ವರ್ಷಕ್ಕೆ ಅಕ್ಕನ ಬಾಣಂತನ. ಅದರ ಮುಂದಿನದಕ್ಕೆ ಇನ್ನೊಂದು. ಆಮೇಲೆ ಹಬ್ಬಕ್ಕೆ, ಮದುವೆಗೆ, ಸಾವಿಗೆ ಅವಳು ಘಟ್ಟ ಇಳಿದದ್ದುಂಟು; ಆಷಾಢದಲ್ಲಿ ಇಳಿದದ್ದಿಲ್ಲ. ಅಷ್ಟರಲ್ಲಿ ತವರುಮನೆ ಪಾಲಾಯಿತು, ಮಾರಾಟವಾಯಿತು, ಅಣ್ಣನೂ ತೀರಿಕೊಂಡ.

"ಅಣ್ಣನ ಮಗ ಇದ್ದಾನಲ್ಲ, ಅವನಲ್ಲಿಗೆ ಹೋಗಬಹುದು" ಎಂದೆ.

"ಅವನು ಬೇಡ ಎನ್ನುವವನಲ್ಲ. ಆದರೆ ಅಲ್ಲಿ ನಾನು ನೆಂಟಳು. ಬೆಳಿಗ್ಗೆ ಏಳುವ ಹೊತ್ತಿಗೂ ಅವರ ಮುಖ ನೋಡಬೇಕು."

ಬಾಡಿಗೆಯ ಬೆಲೆ ನನಗೆ ತಿಳಿದದ್ದು ಆಗ. ಬಾಡಿಗೆ ಕೊಟ್ಟವನಿಗೆ ದಾಕ್ಷಿಣ್ಯವಿಲ್ಲ. ದಾಕ್ಷಿಣ್ಯವಿಲ್ಲದ ಜಾಗವೆಂದರೆ ಹೆಣ್ಣುಮಕ್ಕಳಿಗೆ ತವರು ಒಂದೇ. ಆ ತವರು ಇಲ್ಲವಾದ ಮೇಲೆ ಹಣದಿಂದ ಅದರ ಒಂದಂಶವಾದರೂ ದೊರೆಯುವುದಾದರೆ ಅದು ದುಬಾರಿಯಲ್ಲ.

ಯೋಜನೆಯನ್ನು ಮೊದಲಿಂದ ಮಾಡಿದೆವು. ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಅದೊಂದು ಅನುಕೂಲ. ಚಾರ್ಮಾಡಿಯನ್ನು ಬಿಟ್ಟು ಕಳಸ, ಕುದುರೆಮುಖ, ಕಾರ್ಕಳದ ದಾರಿ ಹಿಡಿಯುವುದು. ಹಗಲಿನಲ್ಲಿಯೇ ಘಟ್ಟ ದಾಟುವುದು. ಹೆಚ್ಚಿನ ಮಳೆಯ ಎಚ್ಚರಿಕೆ ಬಂದರೆ ಎರಡು ದಿನ ಮುಂದೂಡುವುದು, ಅದಕ್ಕೆ ಒಪ್ಪುವ ಮನೆಯನ್ನೇ ಹಿಡಿಯುವುದು. ಮನೆ ಅಲೆಯಂಚಿನಲ್ಲಿರಕೂಡದು, ಮುಂಗಾರಿನಲ್ಲಿ ಕಡಲು ದಡವನ್ನು ಕೊರೆಯುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರ ಇನ್ನೂ ಎತ್ತರ. ಹೀಗೆ ಹುಡುಕಿ, ಕುಂದಾಪುರದ ಪಂಚಗಂಗಾವಳಿಯ ಕಡೆ, ಕಡಲಿನಿಂದ ಸಾಕಷ್ಟು ಒಳಗೆ, ಎರಡೇ ಮೆಟ್ಟಿಲಿನ ಒಂದು ಹಂಚಿನ ಮನೆಯನ್ನು ಗೊತ್ತುಮಾಡಿದೆ. ಅದರ ದೋಷ ಒಂದೇ: ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಇದನ್ನು ಅಳುಕುತ್ತಲೇ ತಾಯಿಗೆ ತಿಳಿಸಿದೆ.

"ಕಡಲನ್ನು ಯಾರು ನೋಡುತ್ತಿದ್ದರು?" ಎಂದು ನಕ್ಕಳು. "ಹಗಲೆಲ್ಲ ಕೆಲಸ. ರಾತ್ರಿ ಮಲಗಿ ಕೇಳುತ್ತಿದ್ದೆವು."

ನಾನು ಬೆಳೆದದ್ದು ಭದ್ರೆಯ ದಡದಲ್ಲಿ. ಆಷಾಢದ ರಾತ್ರಿಗಳಲ್ಲಿ ಹೊಳೆಯ ಮೊರೆತವನ್ನು ಕೇಳುತ್ತ ತಾಯಿ ನಿದ್ದೆಬಾರದೆ ಕುಳಿತಿರುವುದನ್ನು ಬಾಲ್ಯದಲ್ಲಿ ನೋಡಿದ್ದೆ, ನೆರೆಯ ಭಯವೆಂದುಕೊಂಡಿದ್ದೆ. ಭದ್ರೆ ಪೂರ್ವಕ್ಕೆ ಹರಿದು ತುಂಗೆಯನ್ನೂ ಕೃಷ್ಣೆಯನ್ನೂ ಕೂಡಿ ಬಂಗಾಳಕೊಲ್ಲಿಗೆ ಹೋಗುವ ನೀರು. ಆಕೆ ಅದರಲ್ಲಿ ಪಶ್ಚಿಮದ ಕಡಲನ್ನು ಕೇಳುತ್ತಿದ್ದಳೆಂದು ಆಗ ನನಗೆ ಹೊಳೆದಿರಲಿಲ್ಲ.

ಆಷಾಢದ ಅಮಾವಾಸ್ಯೆಗೆ ಕೊನೆಗೊಳ್ಳುವಂತೆ ಎಂಟು ದಿನ ನಿಶ್ಚಯವಾಯಿತು. ಮುಂಗಡ ಕಳುಹಿಸುವ ಮುನ್ನ ಮನೆಯೊಡತಿಯೊಡನೆ ಕೊನೆಯ ಬಾರಿ ಮಾತನಾಡಿದೆ. ಪಾತ್ರೆ, ನೀರು, ವಿದ್ಯುತ್ತು ಹೋದರೆ ದೀಪ, ಬಟ್ಟೆ ಒಣಗಿಸುವ ಜಗಲಿ, ಹತ್ತಿರದ ವೈದ್ಯರು, ಎಲ್ಲವನ್ನೂ ಪಟ್ಟಿ ಹಿಡಿದು ಕೇಳಿದೆ. ಆಕೆ ಎಲ್ಲಕ್ಕೂ ಉತ್ತರ ಕೊಟ್ಟು, "ಅಲ್ಲ ಮಾರಾಯ್ರೆ, ಈ ಮಳೆಗೆ ಎಲ್ರೂ ಘಟ್ಟದ್ ಮೇಲೆ ಹೋತ್ರ್, ನೀವ್ ಇಳ್ದ್ ಬತ್ರಿಯಲೆ?" ಎಂದು ಅಚ್ಚರಿಪಟ್ಟರು. ತಾಯಿಯ ವಿಷಯ ಹೇಳಿದೆ.

"ಹೌದಾ! ಅಮ್ಮನ್ ಊರ್ ಯಾವ್ದಾಯ್ತ್?"

ಫೋನನ್ನು ತಾಯಿಗೆ ಕೊಟ್ಟೆ. ಆಧಾರ್ ಚೀಟಿಯಲ್ಲಿ ಅವಳ ಊರು ಕಳಸ, ಮತಪಟ್ಟಿಯಲ್ಲಿ ಕಳಸ, ಐದು ದಶಕಗಳಿಂದ ಯಾರು ಕೇಳಿದರೂ ಆಕೆ ಕೊಟ್ಟ ಉತ್ತರ ಅದೇ.

"ನಂದ್ ಕ್ವಾಟದ್ ಬದಿ" ಎಂದಳು.