ಕಂಪ್ಯೂಟರಿನ ವ್ಯವಸ್ಥಾ ಪರಿಷ್ಕರಣವೂ ಡಿಸ್ಕಿನ ಸ್ಥಳಾವಕಾಶವೂ

ಇತಿಹಾಸ ವಿಭಾಗದವರು ಕಂಪ್ಯೂಟರಿನ ಡಿಸ್ಕನ್ನು ಕುರಿತು ಬರೆಯುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಶಾಸನಗಳ ಛಾಯಾಚಿತ್ರಗಳೂ ಹಸ್ತಪ್ರತಿಗಳ ಸ್ಕ್ಯಾನ್‌ಗಳೂ ಇಂದು ಸಂಗ್ರಹವಾಗುವುದು ಈ ಡಿಸ್ಕಿನಲ್ಲಿಯೇ. ಸ್ಥಳ ಸಾಲದೆ ಅಪ್‌ಡೇಟ್ ನಿಂತಿತೆಂಬ ಸೂಚನೆ ಬಂದೊಡನೆ ವಿದ್ಯಾರ್ಥಿಯ ಕೈ ಮೊದಲು ಹೋಗುವುದು ಗಾತ್ರದಲ್ಲಿ ದೊಡ್ಡವಾದ ಈ ಚಿತ್ರಗಳ ಕಡೆಗೆ. ಆದುದರಿಂದ ಸ್ಥಳವು ಎಲ್ಲಿ ವ್ಯಯವಾಗುತ್ತದೆ, ಯಾವುದು ಮರಳಿ ದೊರೆಯುತ್ತದೆ ಎಂಬುದನ್ನು ವಿಂಡೋಸ್ ವ್ಯವಸ್ಥೆಯ ನಿದರ್ಶನದಿಂದ ವಿವೇಚಿಸೋಣ.

ಮೊದಲು ಬೆಳೆವಣಿಗೆಯ ಕ್ರಮವನ್ನು ಗಮನಿಸಬೇಕು. ೧೯೯೫ರ ವಿಂಡೋಸಿಗೆ ಸುಮಾರು ೫೦ ಮೆಗಾಬೈಟ್ ಸ್ಥಳ ಸಾಕಾಗಿದ್ದಿತು. ೨೦೦೧ರ ಎಕ್ಸ್‌ಪಿಗೆ ೧.೫ ಗಿಗಾಬೈಟ್ ಬೇಕಾಯಿತು. ೨೦೧೫ರಲ್ಲಿ ಬಂದ ವಿಂಡೋಸ್ ೧೦ಕ್ಕೆ ೧೬ ಅಥವಾ ೨೦ ಗಿಗಾಬೈಟ್ ಎಂದಿದ್ದ ಕನಿಷ್ಠ ಮಿತಿಯು ೨೦೧೯ರಲ್ಲಿ ೩೨ಕ್ಕೆ ಏರಿತು. ೨೦೨೧ರ ವಿಂಡೋಸ್ ೧೧ಕ್ಕೆ ೬೪ ಗಿಗಾಬೈಟಿನ ಡಿಸ್ಕ್ ಅವಶ್ಯಕವಾಯಿತು.

ಅಪ್‌ಡೇಟಿನಿಂದಾಗುವ ವ್ಯಯವು ಮೂರು ಬಗೆಯದು. ಮೊದಲನೆಯದು ತಾತ್ಕಾಲಿಕ. ದೇವಾಲಯದ ಜೀರ್ಣೋದ್ಧಾರ ನಡೆಯುವಾಗ ಕಳಚಿದ ಹಳೆಯ ಕಲ್ಲೂ ತಂದ ಹೊಸ ಕಲ್ಲೂ ಒಟ್ಟಿಗೆ ಅಂಗಳದಲ್ಲಿರುತ್ತವಷ್ಟೆ. ಅಂತೆಯೇ ಇಳಿಸಿಕೊಂಡ ಅಡಕ ರೂಪದ ಕಡತ, ಅದನ್ನು ಬಿಡಿಸಿದ ರೂಪ, ಇನ್ನೂ ಬಳಕೆಯಲ್ಲಿರುವ ಹಳೆಯ ಕಡತ, ಇವೆಲ್ಲವೂ ಕೆಲಕಾಲ ಡಿಸ್ಕಿನಲ್ಲಿರಬೇಕಾಗುತ್ತದೆ. ಹೀಗಾಗಿ ಅನುಸ್ಥಾಪನೆಯ ಕಾಲದಲ್ಲಿ ಬೇಕಾಗುವ ಸ್ಥಳವು ಕೊನೆಗೆ ಉಳಿಯುವ ಭಾರಕ್ಕಿಂತ ಹೆಚ್ಚು.

ಎರಡನೆಯದು ಹಿಂದಿರುಗುವ ಸೌಕರ್ಯಕ್ಕಾಗಿ ಕಾದಿರಿಸಿದ್ದು. ವ್ಯವಸ್ಥೆಯ ಆವೃತ್ತಿಯೇ ಬದಲಾದಾಗ ಹಳೆಯದು 'ವಿಂಡೋಸ್.ಓಲ್ಡ್' ಎಂಬ ಫೋಲ್ಡರಿನಲ್ಲಿ ಉಳಿಯುತ್ತದೆ. ಸಾಮಾನ್ಯವಾಗಿ ಹತ್ತು ದಿನಗಳ ಅನಂತರ ತಾನಾಗಿಯೇ ಅಳಿದುಹೋಗುತ್ತದೆ. ಅದಕ್ಕೆ ಮೊದಲೇ ಅಳಿಸಿದರೆ ಸ್ಥಳ ದೊರೆಯುತ್ತದೆ, ಆದರೆ ಹಳೆಯ ಆವೃತ್ತಿಗೆ ಮರಳುವ ಮಾರ್ಗ ಮುಚ್ಚುತ್ತದೆ.

ಮೂರನೆಯದು ಸ್ಥಿರವಾದದ್ದು. 'ವಿನ್‌ಎಸ್‌ಎಕ್ಸ್‌ಎಸ್' ಎಂಬ ಭಂಡಾರದಲ್ಲಿ ವ್ಯವಸ್ಥೆಯ ಅಂಗಗಳೂ, ಅಪ್‌ಡೇಟನ್ನು ತೆಗೆಯಬೇಕಾದಲ್ಲಿ ಬೇಕಾಗುವ ಅವುಗಳ ಹಿಂದಿನ ರೂಪಗಳೂ ಇರುತ್ತವೆ. ಇಲ್ಲಿಯ ಅನೇಕ ಕಡತಗಳು ಒಂದೇ ಆಗಿದ್ದು ಎರಡು ಕಡೆ ಹೆಸರು ಪಡೆದಿರುವುದರಿಂದ, ಫೋಲ್ಡರಿನ ಗಾತ್ರವು ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ಕೈಯಾರೆ ಅಳಿಸಿದಲ್ಲಿ ಕಂಪ್ಯೂಟರ್ ಆರಂಭವಾಗದೆಯೇ ಹೋಗಬಹುದು. ಇದಲ್ಲದೆ ೨೦೧೯ರಿಂದ, ಹೊಸದಾಗಿ ಸ್ಥಾಪಿತವಾದ ವ್ಯವಸ್ಥೆಗಳಲ್ಲಿ, ಅಪ್‌ಡೇಟಿಗೆಂದೇ ಸುಮಾರು ೭ ಗಿಗಾಬೈಟ್ ಮೀಸಲಾಗಿರುವುದುಂಟು.

ಹಾಗಾದರೆ ಅಪ್‌ಡೇಟನ್ನೇ ನಿಲ್ಲಿಸಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಅದು ಸಾಧುವಲ್ಲ. ಪ್ರತಿ ತಿಂಗಳ ಅಪ್‌ಡೇಟಿನಲ್ಲಿ ರಕ್ಷಣೆಯ ಲೋಪಗಳಿಗೆ ಪರಿಹಾರವಿರುತ್ತದೆ. ಅದಿಲ್ಲದ ಯಂತ್ರದಲ್ಲಿ ದುಷ್ಟ ತಂತ್ರಾಂಶಗಳು ಸಂಗ್ರಹವನ್ನೇ ಹಾಳುಗೆಡವಬಹುದು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ ಸಣ್ಣ ಡಿಸ್ಕಿನ ಹಳೆಯ ಯಂತ್ರಗಳ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ತೀವ್ರ.

ಆದುದರಿಂದ ನಾವು ಸೂಚಿಸುವ ಕ್ರಮ ಇಷ್ಟೆ. ಮೊದಲು ಸಂಶೋಧನ ಸಾಮಗ್ರಿಯನ್ನು ಬೇರೆ ಬೇರೆ ಎರಡು ಡಿಸ್ಕುಗಳಿಗೆ ಪ್ರತಿಮಾಡಿ, ತೆರೆದು ಪರೀಕ್ಷಿಸಬೇಕು. ಅನಂತರ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ತಾತ್ಕಾಲಿಕ ಕಡತಗಳನ್ನು ಮಾತ್ರ ತೆಗೆಯಬೇಕು. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬುದೂ ಸೇರಿರುತ್ತದೆಂಬುದನ್ನು ಮರೆಯಲಾಗದು. ಅಂತರಜಾಲದ ಗ್ರಂಥಭಂಡಾರಗಳಿಂದ ಇಳಿಸಿಕೊಂಡ ಪುಸ್ತಕಗಳು ಬಹುಮಟ್ಟಿಗೆ ಇರುವುದು ಅಲ್ಲಿಯೇ. ಇಷ್ಟಾದರೂ ಸ್ಥಳ ಸಾಲದಿದ್ದಲ್ಲಿ, ಅಪ್‌ಡೇಟಿನ ಕಾಲಕ್ಕೆ ಹೊರಗಿನ ಡಿಸ್ಕೊಂದನ್ನು ಜೋಡಿಸಿ ಬಳಸಿಕೊಳ್ಳುವ ಅನುಕೂಲವನ್ನು ವಿಂಡೋಸ್ ತಾನೇ ಒದಗಿಸುತ್ತದೆ.

ವ್ಯವಸ್ಥೆಯ ಕಡತಗಳು ಕಳೆದರೆ ತಯಾರಕರಿಂದ ಪುನಃ ಪಡೆಯಬಹುದು. ಮಳೆಗೆ ಸವೆದ ಇಲ್ಲವೆ ಗೋಡೆಯಲ್ಲಿ ಸೇರಿಹೋದ ಶಾಸನವೊಂದರ ಏಕೈಕ ಚಿತ್ರವನ್ನು ಯಾರಿಂದಲೂ ಪಡೆಯಲಾಗದು. ಅಳಿಸುವ ಮುನ್ನ ಈ ಭೇದವನ್ನು ಮನಗಾಣುವುದು ಸಂಶೋಧಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.