ಕಡಲು ಕಾದರೆ ಹವಳ ಬೆಳೆಯುವುದಿಲ್ಲ ಏಕೆ? ಮನ್ನಾರ್ ಕೊಲ್ಲಿಯ ದ್ವೀಪಗಳು ಕರಗುತ್ತಿರುವ ಕಥೆ

ಚೆನ್ನೈ: ಮರೀನಾ ಬೀಚ್‌ನಲ್ಲಿ ನಿಂತು ಹವಳದ ದಿಬ್ಬ ಹುಡುಕಿದರೆ ಸಿಗುವುದಿಲ್ಲ. ಹವಳಕ್ಕೆ ತಿಳಿನೀರು, ಧಾರಾಳ ಬೆಳಕು ಬೇಕು. ಮರಳು, ಕೆಸರು ಕದಡುವ ಚೆನ್ನೈ ಕಡಲು ಅದಕ್ಕೆ ಒಗ್ಗದು. ತಮಿಳುನಾಡಿನ ಹವಳ ನೋಡಲು ದಕ್ಷಿಣಕ್ಕೆ, ರಾಮೇಶ್ವರಂ ಮತ್ತು ತೂತ್ತುಕುಡಿ ನಡುವಿನ ಮನ್ನಾರ್ ಕೊಲ್ಲಿಗೆ ಹೋಗಬೇಕು.

ಅಲ್ಲಿದ್ದ 21 ದ್ವೀಪಗಳ ಪೈಕಿ ಎರಡು ಈಗಾಗಲೇ ಮುಳುಗಿವೆ. ಕಾರಿಯಾಚಲ್ಲಿ ಎಂಬ ಇನ್ನೊಂದು ದ್ವೀಪ 1969ರಲ್ಲಿ ಸುಮಾರು 21 ಹೆಕ್ಟೇರ್ ಇತ್ತು. 2018ರ ಹೊತ್ತಿಗೆ 6 ಹೆಕ್ಟೇರ್ ಆಸುಪಾಸಿಗೆ ಇಳಿದಿದೆ. ಚೆನ್ನೈನ ಐಐಟಿ ಮದ್ರಾಸ್ ತಜ್ಞರು ಈ ದ್ವೀಪಗಳ ರಕ್ಷಣೆಯ ಕೆಲಸದಲ್ಲಿ ಕೈಜೋಡಿಸಿದ್ದಾರೆ. ಅಷ್ಟಕ್ಕೂ ದ್ವೀಪ ಕರಗುವುದಕ್ಕೂ ಹವಳಕ್ಕೂ ಏನು ಸಂಬಂಧ?

ಹವಳ ಕಲ್ಲಲ್ಲ, ಪ್ರಾಣಿ

ನಾವು ಕಲ್ಲು ಎಂದುಕೊಳ್ಳುವುದು ಹವಳದ ಪುಟ್ಟ ಜೀವಿಗಳು ಕಟ್ಟಿಕೊಂಡ ಸುಣ್ಣದ ಗೂಡು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ಆ ಶಕ್ತಿಯಿಂದಲೇ ಹವಳ ಗೂಡು ಕಟ್ಟುವುದು. ಗುಂಡು ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ಕೊಂಬೆಯಂಥದ್ದು ಅದಕ್ಕಿಂತ ಬಹಳ ಬೇಗ ಬೆಳೆಯುತ್ತದೆ, ಆದರೆ ಬಿಸಿಗೆ ಮೊದಲು ಸಾಯುವುದೂ ಅದೇ. ಮರದ ಕಾಂಡದಲ್ಲಿ ಬಳೆಗಳಿರುವಂತೆ ಗುಂಡು ಹವಳದಲ್ಲೂ ವರ್ಷಕ್ಕೊಂದು ಪಟ್ಟಿ ಮೂಡುತ್ತದೆ. ಯಾವ ವರ್ಷ ಬೆಳವಣಿಗೆ ಕುಂಠಿತವಾಯಿತು ಎಂದು ವಿಜ್ಞಾನಿಗಳು ಅದನ್ನು ಕೊರೆದು ತೆಗೆದು ಓದುತ್ತಾರೆ.

ನೀರಿನ ಬಿಸಿ ಆ ಜಾಗದ ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಕೇವಲ 1 ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ಇದೇ ಬಿಳಿಚುವಿಕೆ. ಬಿಳಿಚಿದ ಹವಳ ತಕ್ಷಣ ಸಾಯುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ. ಆದರೆ ಹಸಿದ ಜೀವಿ ಗೂಡು ಕಟ್ಟೀತೇ? ಬದುಕಿ ಉಳಿದರೂ ಅದರ ಬೆಳವಣಿಗೆ ಹಿಂದೆ ಬೀಳುತ್ತದೆ.

ಎಲ್ ನಿನೋ ಹೊಸದೇನಲ್ಲ

ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೋ ಹಿಂದೆಯೂ ಬರುತ್ತಿತ್ತು, ಹೋಗುತ್ತಿತ್ತು. ಹವಳ ಅದನ್ನು ತಾಳಿಕೊಂಡೇ ಬಂದಿದೆ. ಈಗ ಬದಲಾಗಿರುವುದು ಸಮುದ್ರದ ಮಾಮೂಲಿ ತಾಪಮಾನ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ, ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರ ನಡುವೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಮೊದಲೇ ಜ್ವರ ಇರುವವನಿಗೆ ಬಿಸಿಲು ಬಡಿದಂತಾಗಿದೆ ಪರಿಸ್ಥಿತಿ.

ನಮ್ಮ ಕಡಲುಗಳಲ್ಲಿ 1998, 2010, 2016ರಲ್ಲಿ ಭಾರೀ ಬಿಳಿಚುವಿಕೆ ಆಯಿತು. 2016ರಲ್ಲಿ ಮನ್ನಾರ್ ಕೊಲ್ಲಿಯ ಜೀವಂತ ಹವಳದ ಹೊದಿಕೆ ಶೇ. 38.86ರಿಂದ ಶೇ. 22.69ಕ್ಕೆ ಕುಸಿಯಿತು. ಅದೂ ಕೆಲವೇ ತಿಂಗಳಲ್ಲಿ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ನಾಲ್ಕನೇ ಜಾಗತಿಕ ಬಿಳಿಚುವಿಕೆ ಘೋಷಣೆಯಾಯಿತು. ಲಕ್ಷದ್ವೀಪವೂ ಅದರಿಂದ ಪಾರಾಗಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಎರಡು ಹೊಡೆತಗಳ ನಡುವಿನ ಬಿಡುವನ್ನು. ಮೊದಲು 12 ವರ್ಷ, ಆಮೇಲೆ 6, ಆಮೇಲೆ 8. ಲಕ್ಷದ್ವೀಪದಲ್ಲಿ 24 ವರ್ಷ ನಡೆದ ಅಧ್ಯಯನವೊಂದರ ಪ್ರಕಾರ, ಹವಳ ಗಮನಾರ್ಹವಾಗಿ ಚೇತರಿಸಿಕೊಳ್ಳಲು ಸುಮಾರು ಆರು ವರ್ಷಗಳ ನೆಮ್ಮದಿ ಬೇಕು. ಆ ಅವಧಿಯಲ್ಲಿ ಅಲ್ಲಿನ ಹೊದಿಕೆ ಅರ್ಧದಷ್ಟು ಇಳಿದಿದೆ. ಎಂದರೆ ಏಟು ಮಾಯುವುದರೊಳಗೆ ಇನ್ನೊಂದು ಏಟು.

ದ್ವೀಪಕ್ಕೇನು ನಷ್ಟ?

ಹವಳದ ದಿಬ್ಬ ಒಂದು ಕಡೆ ಬೆಳೆಯುತ್ತಿದ್ದರೆ ಇನ್ನೊಂದು ಕಡೆ ಸವೆಯುತ್ತಲೇ ಇರುತ್ತದೆ. ಅಲೆ ಬಡಿಯುತ್ತದೆ, ಗಿಳಿಮೀನು ಕಚ್ಚುತ್ತದೆ, ಸ್ಪಂಜುಗಳು ಕೊರೆಯುತ್ತವೆ. ಬೆಳವಣಿಗೆ ನಿಂತರೆ ಸವೆತವೇ ಗೆಲ್ಲುತ್ತದೆ. ಜೊತೆಗೆ ಸಮುದ್ರ ಮಟ್ಟವೂ ಏರುತ್ತಿದೆ. ಅಲೆ ಮುರಿಯುವ ಗೋಡೆ ಕುಗ್ಗಿದ ಮೇಲೆ ಮರಳಿನ ದ್ವೀಪಕ್ಕೆ ಆಸರೆ ಎಲ್ಲಿ? ದಿಬ್ಬದ ಮೀನುಗಳನ್ನು ನಂಬಿದ ಕರಾವಳಿಯ ಮೀನುಗಾರರ ಬಲೆಗೂ ಇದರ ಬಿಸಿ ತಟ್ಟುತ್ತದೆ.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಮುಳುಗಿದ ಆ ಎರಡು ದ್ವೀಪಗಳ ಸುತ್ತ ದಶಕಗಳ ಕಾಲ ಸುಣ್ಣ, ಕಟ್ಟಡಕ್ಕೆಂದು ಹವಳ ಕಿತ್ತದ್ದು ಮನುಷ್ಯರೇ. 2001ರಲ್ಲಿ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಸಿಕ್ಕಿತು, 2005ರ ಹೊತ್ತಿಗೆ ಗಣಿಗಾರಿಕೆ ನಿಂತಿತು. ಅದಾದ ಮೇಲೆ ಹವಳ ಒಂದಿಷ್ಟು ಚೇತರಿಸಿಕೊಂಡಿತ್ತು, ಅಷ್ಟರಲ್ಲಿ 2010ರ ಬೇಸಿಗೆ ಬಂತು.

ತೂತ್ತುಕುಡಿ ಬಳಿಯ ವಾನ್ ದ್ವೀಪದ ಸುತ್ತ ಕಾಂಕ್ರೀಟ್‌ನ ಕೃತಕ ದಿಬ್ಬಗಳನ್ನು ಇಳಿಸಲಾಗಿದೆ. ಅವು ಅಲೆಯ ರಭಸ ತಗ್ಗಿಸುತ್ತವೆ, ಮರಳು ನಿಲ್ಲಲು ನೆರವಾಗುತ್ತವೆ, ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗ ಕೊಡುತ್ತವೆ. ಕಾರಿಯಾಚಲ್ಲಿಗೂ ಇದೇ ಯೋಜನೆ. ನೀರನ್ನು ತಣ್ಣಗಾಗಿಸುವ ಶಕ್ತಿ ಮಾತ್ರ ಅವಕ್ಕಿಲ್ಲ.

ಕರ್ನಾಟಕದವರಿಗೆ ಇದು ದೂರದ ಸುದ್ದಿಯೇನಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಸ್ಕೂಬಾ ಡೈವಿಂಗ್ ಮಾಡುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಬಿಸಿ ಅಳೆದು ದೇಶದ ಪ್ರಮುಖ ಹವಳ ಪ್ರದೇಶಗಳಿಗೆ ಬಿಳಿಚುವಿಕೆಯ ಮುನ್ನೆಚ್ಚರಿಕೆ ನೀಡುತ್ತದೆ. ಮುಂದಿನ ಎಲ್ ನಿನೋ ಬಂದಾಗ ಮೊದಲು ನೋಡಬೇಕಾದ್ದು ಏಪ್ರಿಲ್, ಮೇ ತಿಂಗಳ ಆ ಅಂಕಿಗಳನ್ನು.